ಮೇಲಿನ ಸಹಿ ಯಾರದ್ದು?

ಯುದ್ಧ ನಡೆಯುತ್ತಿದ್ದ ಕಾಲ. ಕುಂದಾಪುರದ ಸುತ್ತಮುತ್ತ ವಾಂತಿಭೇದಿ. ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ನನ್ನ ಕೆಲಸ. ಬಾವಿ ಯಾವ ಪಂಚಾಯಿತಿಯದ್ದೋ ಅದರ ಅಧ್ಯಕ್ಷರ ಸಹಿ ಇಲ್ಲದೆ ಪುಡಿ ಹಾಕುವಂತಿಲ್ಲ.

ಸಮುದ್ರದ ಬದಿಗೆ ಒಂದು ಬಾವಿಯಿತ್ತು. ಸುತ್ತಲಿನ ಬಾವಿಗಳೆಲ್ಲ ಉಪ್ಪು. ಎರಡು ಊರು ಕುಡಿಯುವುದು ಈ ನೀರನ್ನೇ. ಎರಡು ಪಂಚಾಯಿತಿಗಳ ಗಡಿ ಸರಿಯಾಗಿ ಅದರ ನಡುವೆ ಹಾದುಹೋಗಿತ್ತು.

ಅಧ್ಯಕ್ಷರಿಬ್ಬರೂ ಬಾವಿಕಟ್ಟೆಗೆ ಬಂದರು. ನಾನು ಕಾಗದ ಚಾಚಿದೆ.

"ನಾ ಅವ್ರ್ ಕೆಳ್ಗ್ ಸೈ ಹಾಕುದಾ? ಆಪ್ದಲ್ಲ," ಎಂದರು ಒಬ್ಬರು.

"ಹಂಗಾರ್ ನಮ್ ಬದಿಗ್ ಮಾತ್ರ ಪುಡಿ ಹಾಕಿ ಮಾರ್ರೆ. ಆಚಿ ಬದಿಗ್ ಅವ್ರೇ ಹಾಕ್ಲಿ," ಎಂದರು ಇನ್ನೊಬ್ಬರು.

ತಮಾಷೆಯಲ್ಲ, ನಿಜವಾಗಿಯೂ ಹಾಗೇ ಹೇಳಿದರು! ನನಗೆ ಮೈಯೆಲ್ಲ ಉರಿದುಹೋಯಿತು.

ಕೊಡಪಾನ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕೂಗಿದಳು: "ಹ್ವಾಯ್, ನಮ್ಮನಿಯಂಗೆ ಇಬ್ರಿಗ್ ವಾಂತಿ ಶುರು ಆಯಿತ್. ನಾ ಯಾವ್ ಬದಿ ನೀರ್ ಎತ್ತೂದ್, ಹೇಳಿ!"

ನಾನು ಕಾಗದವನ್ನು ಮಡಚಿ ಜೇಬಿಗೆ ತುರುಕಿ, ಬಾಲ್ದಿಯಲ್ಲಿ ಪುಡಿ ಕಲಸಿ, ಬಾವಿಯ ನಟ್ಟನಡುವೆ ಇಳಿಸಿಬಿಟ್ಟೆ.

ವಾರದೊಳಗೆ ಮೇಲಧಿಕಾರಿ ಕರೆಸಿದರು. ಅಪ್ಪಣೆಯಿಲ್ಲದೆ ಪುಡಿ ಹಾಕಿ ನೀರಿನ ರುಚಿ ಕೆಡಿಸಿದೆ ಎಂದು ನನ್ನ ಮೇಲೆ ದೂರು ಬಂದಿತ್ತು. ದೂರಿನ ಕೊನೆಯಲ್ಲಿ ಇಬ್ಬರು ಅಧ್ಯಕ್ಷರ ಸಹಿಯೂ ಇತ್ತು, ಒಂದೇ ಸಾಲಿನಲ್ಲಿ, ಅಕ್ಕಪಕ್ಕ.

ಇಷ್ಟು ಸಲೀಸಾದ ಉಪಾಯ ಆವತ್ತು ಬಾವಿಕಟ್ಟೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ.