ತಂಬೂರಿಗೆ ಬೇಕಾದ ಒಂದೆಳೆ

ಚನ್ನಪಟ್ಟಣ ಸ್ಟೇಷನ್. ಅತ್ತೆಯ ಜೊತೆ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಛೇರಿಗೆ ಹೊರಟ ನಾಲ್ವರ ವಾದ್ಯಮೇಳ. ಮೂವತ್ತು ವರ್ಷದಿಂದ ಒಟ್ಟಿಗೇ ನುಡಿಸುತ್ತಿದ್ದಾರಂತೆ. ಕಸುಬು ರೇಷ್ಮೆ ನೂಲು ತೆಗೆಯುವುದು. ತಂಬೂರಿಯ ನಾದ ತುಂಬಿ ಬರಲೆಂದು ತಂತಿಯಡಿ ಸಿಕ್ಕಿಸುವ ರೇಷ್ಮೆ ಎಳೆ ದಾರಿಯಲ್ಲಿ ಹರಿದಿತ್ತು. ನನ್ನ ಸೆರಗಿನ ತುದಿಯಿಂದ ಒಂದೆಳೆ ಕಿತ್ತುಕೊಟ್ಟೆ.

ತಂಬೂರಿಯ ಅಜ್ಜ ಅದನ್ನು ಬೆರಳಲ್ಲಿ ಹೊಸೆದು ನೋಡಿ ಬೆಂಕಿಕಡ್ಡಿ ಗೀರಿದ. "ಒಸಿ ತಡ್ಕಳಿ ತಾಯಿ, ಸುಟ್ಟು ನೋಡ್ದೆ ನಾವು ಯಾವ ಎಳೇನೂ ನಂಬಾಕಿಲ್ಲ. ರೇಷ್ಮೆ ಆದ್ರೆ ಕೂದ್ಲು ಸುಟ್ಟ ವಾಸ್ನೆ ಬತ್ತದೆ."

ನನಗೆ ರೇಗಿತು. "ಮದುವೆಗೆ ನಮ್ಮತ್ತೆ ಕೊಟ್ಟ ಅಸಲಿ ರೇಷ್ಮೆ ಸೀರೆ ಇದು!"

ಎಳೆ ಕರಗಿ ಕರೀ ಮಣಿಯಾಯಿತು. ಪ್ಲಾಸ್ಟಿಕ್ಕಿನ ವಾಸನೆ.

"ಸೀರೆ ಬಣ್ಣ ಚೆನ್ನಾಗೈತೆ ಬುಡಿ," ಎಂದ ಅಜ್ಜ.

ಅತ್ತೆಯ ಕಡೆ ತಿರುಗಿದೆ. ರೈಲು ಬಂತೆಂದು ಅವರು ಎದ್ದುಬಿಟ್ಟಿದ್ದರು. ಹಳಿಯ ಮೇಲೆ ಏನೂ ಇರಲಿಲ್ಲ.