ಕುರ್ಲಾದ ಆಕ್ಸಲ್, ಮುಲುಂಡಿನ ದಾರಿ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಿದ್ದು ಜುಲೈ ತಿಂಗಳ ಒಂದು ಶನಿವಾರ ಮತ್ತು ಅದರ ಮರುದಿನ. ಬರೆಯಲು ಕೂತದ್ದು ಬುಧವಾರ. ಅಷ್ಟರಲ್ಲೇ ಶನಿವಾರದ ಮಳೆ ಎಷ್ಟು ಗಂಟೆಗೆ ಹಿಡಿಯಿತು ಎಂಬುದು ನನ್ನಲ್ಲಿ ಎರಡು ಬಗೆಯಾಗಿ ಉಳಿದಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ನಂಬಬಹುದು, ಉಳಿದದ್ದಕ್ಕೆ ನನ್ನ ಮೇಲೂ ಅನುಮಾನವಿರಲಿ.

ಬೆಳಿಗ್ಗೆ ಏಳೂವರೆಗೆ ಮುಲುಂಡಿನಿಂದ ಹೊರಟೆ. ಕುರ್ಲಾದವರೆಗೆ ಸ್ಲೋ ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಹಾರ್ಬರ್ ಲೈನ್, ಮತ್ತೆ ಚೆಂಬೂರು. ಹತ್ತು ರೂಪಾಯಿಯ ಟಿಕೆಟ್. ಚೆಂಬೂರಿನಲ್ಲಿ ನನ್ನ ಚಿಕ್ಕಪ್ಪ ಸದಾನಂದ ಅವರ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವವರಿದ್ದರು. ಸೋಮವಾರ ಕಾಂಪೌಂಡಿನ ಗೇಟಿಗೆ ಬೀಗ. ಚಿಕ್ಕಪ್ಪನ ಸಾಮಾನು ಹತ್ತಿರದ ಬಾಡಿಗೆ ಮನೆಗೆ ಹೋಗಿಯಾಗಿತ್ತು. ಉಳಿದದ್ದು ಕಾರು ಮಾತ್ರ.

ಅದು ಎಪ್ಪತ್ತರ ದಶಕದ ಪುಟ್ಟ ಜಪಾನಿ ಕಾರು, ಮಾಸಿದ ಹಳದಿ ಬಣ್ಣದ್ದು. ಹಡಗಿನ ಅಧಿಕಾರಿಯೊಬ್ಬರಿಂದ ಕೊಂಡದ್ದು ಎಂದು ಚಿಕ್ಕಪ್ಪ ಹೇಳುತ್ತಾರೆ, ತೀರಿಹೋದ ಚಿಕ್ಕಮ್ಮ ಯಾರೋ ಡಾಕ್ಟರರಿಂದ ಎನ್ನುತ್ತಿದ್ದರು. ನಾನು ಗಾಡಿ ಕಲಿತದ್ದು ಇದರಲ್ಲೇ. ಎರಡು ತಿಂಗಳಿಂದ ಅದರ ಹಿಂದಿನ ಆಕ್ಸಲ್ ಹೋಗಿತ್ತು. ಆಕ್ಸಲಿನ ನಡುವಿನ ಡಬ್ಬಿಯಲ್ಲಿ ಗೇರಿನ ಹಲ್ಲು ಸವೆದು, ಭಾರ ಬಿದ್ದ ಕೂಡಲೇ ಕಟಕಟ ಎಂದು ನಿಂತುಬಿಡುತ್ತಿತ್ತು. ನಮ್ಮ ಸೊಸೈಟಿಯಲ್ಲಿ ಜಾಗ ಕೇಳಿದರೆ ಸೆಕ್ರೆಟರಿ, “ಓಡುವ ಗಾಡಿಗೆ ಮಾತ್ರ ಪಾರ್ಕಿಂಗ್, ಎಳೆದು ತಂದದ್ದಕ್ಕಿಲ್ಲ” ಎಂದಿದ್ದರು. ಚಿಕ್ಕಪ್ಪ ಭಾನುವಾರ ನಾಲ್ಕಕ್ಕೆ ಗುಜರಿಯವನನ್ನು ಬರಹೇಳಿದ್ದರು. ಅಷ್ಟರೊಳಗೆ ಬೇರೆ ಆಕ್ಸಲ್ ಸಿಕ್ಕರೆ ಕಾರು ನನ್ನದು, ಇಲ್ಲದಿದ್ದರೆ ಗುಜರಿಗೆ.

ಮೆಕ್ಯಾನಿಕ್ ಮೆಹಬೂಬ್ ಸಾಬ್ ಆಗಲೇ ಕಾರಿನಡಿ ಮಲಗಿದ್ದರು. ವಿಜಯಪುರದ ಕಡೆಯವರು, ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ.

“ಅಕ್ಕಾರ, ಗಾಲಿ ತಿರುಗಸ್ರಿ. ನಾ ಶಾಫ್ಟ್ ಎಣಸ್ತೀನಿ.”

ಎಂಜಿನ್ನಿನಿಂದ ಆಕ್ಸಲಿಗೆ ಬರುವ ಆ ಸರಳು ಎಷ್ಟು ಸುತ್ತು ತಿರುಗುತ್ತದೋ, ಬೇರೆ ಆಕ್ಸಲಿನಲ್ಲೂ ಅಷ್ಟೇ ಬರಬೇಕಂತೆ. ಒಂದು ಹಿಂದಿನ ಚಕ್ರ ನೆಲದ ಮೇಲಿತ್ತು, ಇನ್ನೊಂದನ್ನು ಜಾಕ್ ಹಾಕಿ ಎತ್ತಿದ್ದರು. ಎತ್ತಿದ್ದನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿದೆ.

“ಶಾಫ್ಟ್ ಎರಡು ಸುತ್ತೂ ಆಗಲಿಲ್ಲ!” ಎಂದು ಒಳಗಿನಿಂದ ನಗು ಕೇಳಿಸಿತು. “ಒಂದು ಗಾಲಿ ನಿಂತಿದ್ರ ಇನ್ನೊಂದು ಎರಡು ಸುತ್ತು ಹೊಡೀಬೇಕ್ರಿ. ಕಾಲೇಜದಾಗ ಇದು ಹೇಳಿಕೊಡಲಿಲ್ಲೇನು?”

“ಇವಳು ಓದಿದ್ದು ಇತಿಹಾಸ,” ಎಂದರು ಚಿಕ್ಕಪ್ಪ. “ಹಿಂದಿನದು ಮಾತ್ರ ಗೊತ್ತು.”

“ಇದೂ ಹಿಂದಿಂದೇ ಅಲ್ಲೇನ್ರಿ ಶೆಟ್ರ, ಹಿಂದಿನ ಗಾಲಿ!”

ಎರಡು ಸುತ್ತಿಗೆ ಶಾಫ್ಟಿನ ಮೇಲಿನ ಸೀಮೆಸುಣ್ಣದ ಗೆರೆ ನಾಲ್ಕು ಸಲ ಬರಲು ಒಂದು ಬೆರಳಷ್ಟು ಉಳಿಯಿತು. ನಾಲ್ಕಕ್ಕೆ ಒಂದು ಬೆರಳು ಕಡಿಮೆ ಎಂದು ಬರೆದುಕೊಂಡೆ. ಪ್ರತಿ ಚಕ್ರಕ್ಕೆ ನಾಲ್ಕು ಬೋಲ್ಟು. ಇನ್ನು ಅಗಲ. ನಾನು ಟೇಪ್ ಕೇಳಿದೆ.

“ಟೇಪಿನ ತುದಿ ಹರದೈತಿ, ಸುಳ್ಳು ಹೇಳತೈತಿ. ದಾರ ಸುಳ್ಳು ಹೇಳೂದಿಲ್ಲ.”

ಚಿಕ್ಕಪ್ಪ ಒಂದು ಉಂಡೆ ನೂಲು ತಂದುಕೊಟ್ಟರು. ಹೋಟೆಲ್ ಮಾರಿ ಆರು ವರ್ಷವಾದರೂ ಪಾರ್ಸೆಲ್ ಕಟ್ಟುವ ಬಿಳಿ ನೂಲು ಅವರ ಮನೆಯಲ್ಲಿ ಮುಗಿದಿರಲಿಲ್ಲ. ಸಾಬರು ಆಕ್ಸಲಿನ ಆ ತುದಿಯಿಂದ ಈ ತುದಿಗೆ ಎಳೆದು ಹಿಡಿದು, ಎರಡೂ ಕಡೆ ಗಂಟು ಹಾಕಿ, ನೂಲನ್ನು ಮುಂಗೈಗೆ ಸುತ್ತಿಕೊಂಡರು. ಅಳತೆಯ ದಾರವನ್ನು ಅವರು ಜೇಬಿನಲ್ಲಿ ಇಡುವುದಿಲ್ಲವಂತೆ, ಕಳೆಯುತ್ತದಂತೆ.

ಕುರ್ಲಾ ಸ್ಟೇಷನ್ನಿನಿಂದ ಹಳೆ ಬಿಡಿಭಾಗಗಳ ಮಾರ್ಕೆಟ್ಟಿಗೆ ಸಾಬರೂ ನಾನೂ ನಡೆದೇ ಹೋದೆವು. ಮಳೆ ಹಿಡಿಯಿತು. ಸ್ಟೇಷನ್ ಹೊರಗೇ ಹಿಡಿಯಿತೋ, ಅರ್ಧ ದಾರಿಯಲ್ಲೋ, ನೆನಪಿಲ್ಲ. ಇಬ್ಬರೂ ತೊಯ್ದದ್ದು ಮಾತ್ರ ನಿಜ. ಗಲ್ಲಿಯುದ್ದಕ್ಕೂ ಬಾಗಿಲು, ಬಂಪರ್, ಸ್ಟೀರಿಂಗು. ಇಸ್ಮಾಯಿಲ್ ಭಾಯ್ ಎಂಬವರ ಅಂಗಡಿಯ ಹಿಂದೆ ಹಳೆಯ ಆಕ್ಸಲ್‌ಗಳನ್ನು ಸೌದೆಯ ಹಾಗೆ ಒಟ್ಟಿದ್ದರು. ಸಾಬರು ಅವರ ಜೊತೆ ದಖನಿ ಉರ್ದುವಿನಲ್ಲಿ ಊರ ಸುದ್ದಿ ಮಾತಾಡುತ್ತಲೇ ಒಂದೊಂದನ್ನು ಎಳೆದು ನೋಡಿದರು. ಮೊದಲನೆಯದಕ್ಕೆ ಐದು ಬೋಲ್ಟು. ಎರಡನೆಯದರಲ್ಲಿ ಶಾಫ್ಟ್ ನಾಲ್ಕೂವರೆ ಸುತ್ತು ಬಂತು. “ಇದು ಮಾಲು ಹೊರೂ ವ್ಯಾನಿಂದು. ಹಾಕಿದ್ರ ಗಾಡಿ ಬರೇ ಒದರತೈತಿ, ಓಡಂಗಿಲ್ಲ.” ಮೂರನೆಯದಕ್ಕೆ ಬೋಲ್ಟು ನಾಲ್ಕು, ಸುತ್ತು ನಾಲ್ಕಕ್ಕೆ ಒಂದು ಬೆರಳು ಕಡಿಮೆ. ನನಗೆ ಆಗಲೇ ಕುಣಿಯುವ ಹಾಗಾಯಿತು. ಸಾಬರು ಮುಂಗೈಯ ನೂಲು ಬಿಚ್ಚಿ ಹಿಡಿದರು. ಆಕ್ಸಲ್ ಒಂದೂವರೆ ಬೆರಳು ಹೆಚ್ಚಿತ್ತು.

“ಇದಲ್ಲ ಬಿಡ್ರಿ. ಗಾಲಿ ಮಡ್‌ಗಾರ್ಡಿಗೆ ತಿಕ್ಕತೈತಿ.”

“ಆಜ್ ಲೇ ಲೋ, ಕಲ್ ನಹೀ ಮಿಲೇಗಾ,” ಎಂದರು ಇಸ್ಮಾಯಿಲ್ ಭಾಯ್, ನಾಳೆಗೆ ಇದು ಉಳಿಯದಂತೆ. ಸಾಬರು ತಲೆಯಾಡಿಸಿ ಹೊರಟರು.

ವಿಕ್ರೋಳಿಯ ಒಂದು ಗ್ಯಾರೇಜಿನಲ್ಲಿ ಇಂಥದೇ ಕಾರು ಬಿಚ್ಚಿ ಹಾಕಿದ್ದಾರೆಂದು ಯಾರೋ ಹೇಳಿದ್ದರು. ಮತ್ತೆ ಲೋಕಲ್, ಮೂರನೆಯ ಸ್ಟೇಷನ್. ಗ್ಯಾರೇಜ್ ಇತ್ತು, ಕಾರು ಹೋದ ತಿಂಗಳೇ ಕಬ್ಬಿಣದ ತೂಕಕ್ಕೆ ಹೋಗಿತ್ತು. ಎರಡು ಗಂಟೆಯಾಗಿತ್ತು. ಎದುರಿನ ಉಡುಪಿ ಹೋಟೆಲಿಗೆ ನುಗ್ಗಿದೆವು. ಗೋಳಿಬಜೆ ಬಿಸಿ ಇತ್ತು, ಚಹಾ ಸ್ವಲ್ಪ ಸಿಹಿ ಹೆಚ್ಚು. ಸಾಬರು ಒದ್ದೆ ನೂಲು ಬಿಚ್ಚಿ ಮೇಜಿನ ಮೇಲಿಟ್ಟರು. ಗಲ್ಲಾದಲ್ಲಿದ್ದ ಯಜಮಾನರು ಕತ್ತು ಉದ್ದ ಮಾಡಿದರು.

“ಪಾರ್ಸೆಲ್ ನೂಲಲ್ವಾ ಅದು? ಎಂತಕ್ಕೆ?”

ನಾನು ಹೇಳಿದೆ. ಅವರು ನಕ್ಕದ್ದಕ್ಕೆ ಎರಡು ಮೇಜಿನವರು ತಿರುಗಿ ನೋಡಿದರು.

“ಒದ್ದೆಯಾದ್ರೆ ಇದು ಗಿಡ್ಡ ಆಗ್ತದೆ ಮಾರಾಯ್ರೆ! ಮಳೆಗಾಲದಲ್ಲಿ ನಾವು ಇಡ್ಲಿ ಪೊಟ್ಟಣಕ್ಕೆ ಸಡಿಲ ಕಟ್ಟುವುದು ಮತ್ತೆ ಯಾಕೆ? ಬಿಗಿ ಕಟ್ಟಿದ್ರೆ ಮನೆ ಮುಟ್ಟುವಾಗ ಎಲೆ ಕತ್ತರಿಸಿರ್ತದೆ.”

ಸಾಬರು ನೂಲನ್ನೇ ನೋಡುತ್ತಿದ್ದರು. “ಇಷ್ಟು ವರ್ಷ ನಾ ನೈಲಾನ್ ದಾರ ಹಿಡೀತಿದ್ದೆ,” ಎಂದರು ಮೆಲ್ಲಗೆ. “ಇವತ್ತ ಶೆಟ್ರು ಕೊಟ್ರು ಅಂತ ಇದನ್ನ ಹಿಡದೆ.”

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಹೋಟೆಲಿನವರ ಮಾತು ಹೇಳಿದೆ.

“ಹೌದು ಮಾರಾಯ್ತಿ. ಗಿಡ್ಡ ಆಗ್ತದೆ.”

“ಬೆಳಿಗ್ಗೆ ಹೇಳಬಾರದಿತ್ತಾ?”

“ಮಳೆ ಬರ್ತದೆ ಅಂತ ನನಗೆ ಕನಸು ಬಿದ್ದಿತ್ತಾ?”

ಜುಲೈ ತಿಂಗಳ ಮುಂಬೈಯಲ್ಲಿ! ಬಾಡಿಗೆ ಮನೆಯ ಕೆಳಗಿನ ಟೈಲರನ ಟೇಪ್ ತಂದು ಅಳೆಯಿರಿ ಎಂದೆ. ಕಾಲು ಗಂಟೆಗೆ ಫೋನ್ ಬಂತು: ಐವತ್ತು ಇಂಚು. ಕುರ್ಲಾಕ್ಕೆ ಮರಳಿದಾಗ ಇಸ್ಮಾಯಿಲ್ ಭಾಯ್ ಅಂಗಡಿಯಲ್ಲೇ ಇದ್ದರು, ಆ ಮೂರನೆಯ ಆಕ್ಸಲ್ಲೂ ಇತ್ತು. ಅವರದೇ ಉಕ್ಕಿನ ಟೇಪು ಹಿಡಿದರೆ ಐವತ್ತು. ಸಾಬರು ತೃಪ್ತಿಯಾಗದೆ ಮತ್ತೊಮ್ಮೆ ಹಿಡಿದರು. ಐವತ್ತೇ. ಮೂರು ಚಕ್ರದ ಟೆಂಪೋದಲ್ಲಿ ಆಕ್ಸಲ್ ಪಕ್ಕದಲ್ಲೇ ಕೂತು ಚೆಂಬೂರಿಗೆ ಬಂದೆವು. ನನ್ನ ಸಲ್ವಾರಿಗೆ ಹತ್ತಿದ ಗ್ರೀಸು ಇನ್ನೂ ಹೋಗಿಲ್ಲ.

ಭಾನುವಾರ ಮಳೆ ಬಿಟ್ಟಿತ್ತು. ಹಳೆಯದನ್ನು ಇಳಿಸಲು ಎರಡು ಗಂಟೆ ಬೇಕಾಯಿತು. ತುಕ್ಕು ಹಿಡಿದ ಬೋಲ್ಟಿಗೆ ಸಾಬರು ಎಣ್ಣೆ ಹಾಕಿ, ಬೈದು, ಮತ್ತೆ ಎಣ್ಣೆ ಹಾಕಿದರು. ಹೊಸದು ಸ್ಪ್ರಿಂಗಿನ ಮೇಲೆ ಕೂತು, ಶಾಫ್ಟಿನ ನಾಲ್ಕು ಬೋಲ್ಟು ಬಿಗಿದು, ಬ್ರೇಕಿನ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆದಾಗ ಮೂರೂವರೆ. ಗುಜರಿಯವನು ಹೇಳಿದ ಹೊತ್ತಿಗೇ ಬಂದ. ಎಂಜಿನ್ ಶುರುವಾದದ್ದನ್ನು ಕಂಡು, “ಅರೆ, ಯೇ ತೋ ಜಿಂದಾ ಹೈ!” ಎಂದ, ಇದಕ್ಕಿನ್ನೂ ಜೀವವಿದೆಯಲ್ಲ ಎಂದು ಬೆರಗಾಗಿ. ಚಿಕ್ಕಪ್ಪ ಅವನಿಗೆ ಚಹಾ ಕುಡಿಸಿ, ಹಳೆಯ ಆಕ್ಸಲನ್ನು ಕೊಟ್ಟು ಕಳಿಸಿದರು.

ಹೈವೇಯಲ್ಲಿ ಮುಲುಂಡಿಗೆ ಹದಿನೇಳು ಕಿಲೋಮೀಟರ್ ಇರಬೇಕು. ಚಿಕ್ಕಪ್ಪನೇ ಓಡಿಸಿದರು, ಸಾಬರು ಹಿಂದೆ ಕೂತು ಕಿವಿಗೊಟ್ಟರು. ಘಾಟ್ಕೋಪರ್ ದಾಟಿದೆವು. ವಿಕ್ರೋಳಿಯ ಹತ್ತಿರ ಸಾಬರು, “ಏನೂ ಸಪ್ಪಳ ಇಲ್ಲ ನೋಡ್ರಿ,” ಎಂದರು. ಕಿಟಕಿಯಿಂದ ಒದ್ದೆ ಗಾಳಿ ಬರುತ್ತಿತ್ತು. ನಾನು ಅಷ್ಟು ಹಾಯಾಗಿ ಕೂತು ಬಹಳ ಕಾಲವಾಗಿತ್ತು. ಆ ಮಾತು ನೋಟ್‌ಬುಕ್ಕಿನಲ್ಲಿಲ್ಲ, ಆದರೆ ತಪ್ಪಿರಲಾರದು.

ನಮ್ಮ ಸೆಕ್ರೆಟರಿ ಗೇಟಿನಲ್ಲೇ ನಿಂತು ಕಾರು ತಾನಾಗಿ ಒಳಗೆ ಬಂದದ್ದನ್ನು ನೋಡಿದರು. ಏಳನೆಯ ನಂಬರಿನ ಜಾಗ ತೋರಿಸಿದರು. ಚಿಕ್ಕಪ್ಪ ಒಂದೇ ಸಲಕ್ಕೆ ರಿವರ್ಸ್ ಹಾಕಿ ನಿಲ್ಲಿಸಿ, ಕೀಲಿ ನನ್ನ ಕೈಗಿಟ್ಟರು. ಊಟ ಮಾಡಿ ಹೋಗಿ ಎಂದರೆ ಕೇಳಲಿಲ್ಲ. ಇಬ್ಬರೂ ಆಟೋ ಹತ್ತಿದರು. ಆಟೋ ಹೊರಡುವ ಮುಂಚೆ ನಾನು ಬಗ್ಗಿ ಕೇಳಿದೆ:

“ಚಿಕ್ಕಪ್ಪ, ಆ ನೂಲು ಕೊಡುವಾಗ ಈ ಗಾಡಿ ಉಳಿಯಬೇಕು ಅಂತ ನಿಮಗೆ ನಿಜವಾಗಿ ಇತ್ತಾ?”

ಅವರು ಸಾಬರ ಕಡೆ ಸರಿದು ಕೂತು, ಡ್ರೈವರಿಗೆ ಸ್ಟೇಷನ್ ಎಂದರು. ಇವತ್ತು ಬೆಳಿಗ್ಗೆ ಫೋನಿನಲ್ಲಿ ಮತ್ತೆ ಕೇಳಿದೆ. ಟೈರಿಗೆ ಗಾಳಿ ಎಷ್ಟಿದೆ ಎಂದು ವಿಚಾರಿಸಿದರು.