ಎರಡು ಪಾಲಿನ ಕೀಲಿ

ಲ್ಯಾಬಿನ ಸರ್ವರ್ ನೋಡಿಕೊಳ್ಳುವ ಆ ಹೆಂಗಸಿಗೆ ಜೊತೆಯವರು ಇಟ್ಟ ಹೆಸರು ಬೀಗದಮ್ಮ. ಗೇಲಿಗೆಂದೇ ಇಟ್ಟಿದ್ದು, ಆದರೆ ಆಕೆಗೆ ಅದರಿಂದೇನೂ ಬೇಸರವಿರಲಿಲ್ಲ. ಬೀಗ ಕಾಯುವವಳನ್ನು ಇನ್ನೇನೆಂದು ಕರೆದಾರು!

ಊರಿನವರ ರಕ್ತಪರೀಕ್ಷೆಯ ರಿಪೋರ್ಟುಗಳೆಲ್ಲ ಆ ಸರ್ವರಿನಲ್ಲಿದ್ದವು. ಯಾರಿಗೆ ಯಾವ ಕಾಯಿಲೆ, ಯಾರು ಬಸುರಿ, ಎಲ್ಲ. ಕೌಂಟರಿನ ಕಂಪ್ಯೂಟರಿನಿಂದ ರಿಪೋರ್ಟು ಕೇಳುತ್ತಿರುವವರು ಲ್ಯಾಬಿನವರೇ ಹೌದೋ ಅಲ್ಲವೋ ಎಂದು ಸರ್ವರ್ ಗುರುತು ಹಿಡಿಯುತ್ತಿದ್ದುದು ಒಂದು ಗುಪ್ತ ಕೀಲಿಯಿಂದ. ಕೀಲಿ ಎಂದರೆ ಅಕ್ಷರಗಳ ಉದ್ದನೆಯ ಸಾಲು, ಅಷ್ಟೆ. ಅದು ಸಿಕ್ಕವರು ಯಾರ ಹೆಸರಿನಲ್ಲಿ ಬೇಕಾದರೂ ಒಳನುಗ್ಗಬಹುದು. ಹಾಗಾಗಿ ಅರ್ಧ ಬೀಗದಮ್ಮನ ಹತ್ತಿರ, ಅರ್ಧ ಮ್ಯಾನೇಜರ್ ಹತ್ತಿರ. ಸರ್ವರ್ ನಿಂತು ಮತ್ತೆ ಶುರುವಾಗಬೇಕಾದರೆ ಇಬ್ಬರೂ ಬರಬೇಕು. ಒಬ್ಬರು ತಮ್ಮ ಪಾಲು ಒತ್ತುವಾಗ ಇನ್ನೊಬ್ಬರು ಮುಖ ತಿರುಗಿಸಿ ನಿಲ್ಲಬೇಕು.

ಮ್ಯಾನೇಜರ್ ಮಹಾಶಯನಿಗೆ ಮಹಡಿ ಇಳಿಯುವುದೇ ಭಾರ. ಒಂದು ದಿನ ಬೆಳಿಗ್ಗೆ ಕರೆಂಟು ಕೈಕೊಟ್ಟು ಸರ್ವರ್ ನಿಂತಾಗ, ತನ್ನ ಪಾಲನ್ನು ಸೀದಾ ಆಫೀಸಿನ ಗ್ರೂಪಿಗೇ ಮೆಸೇಜ್ ಮಾಡಿ, ಬೀಗದಮ್ಮನೇ ಒತ್ತಿಕೊಳ್ಳಲಿ ಎಂದು ಬರೆದ. ಎಂಥ ಔದಾರ್ಯ!

ಬೀಗದಮ್ಮನಿಗೆ ಮೈಯೆಲ್ಲ ಉರಿಯಿತು. ಈಗ ಪೂರ್ತಿ ಕೀಲಿ ಇರುವುದು ಅವಳೊಬ್ಬಳ ಕೈಯಲ್ಲಿ. ನಾಳೆ ಯಾರದೋ ರಿಪೋರ್ಟು ಬೀದಿಗೆ ಬಿದ್ದರೆ, ಬೇಲಿಯೇ ಎದ್ದು ಹೊಲ ಮೇಯಿತು ಎಂದು ಎಲ್ಲರೂ ಬೆರಳು ತೋರಿಸುವುದು ಅವಳ ಕಡೆಗೇ. ಅವಳು ಹಳೆಯ ಕೀಲಿಯನ್ನು ರದ್ದು ಮಾಡಿದಳು. ಹೊಸದರ ಅರ್ಧವನ್ನು ತಾನು ಒತ್ತಿ, ಉಳಿದರ್ಧವನ್ನು ಲ್ಯಾಬಿನ ಹಿರಿಯ ಡಾಕ್ಟರಮ್ಮ ಒತ್ತುವಾಗ ಮುಖ ತಿರುಗಿಸಿ ನಿಂತಳು. ಒಂದೊಂದೇ ಕಂಪ್ಯೂಟರಿಗೆ ಹೋಗಿ ಮತ್ತೆ ಗುರುತು ಕೊಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಲ್ಲಿಯತನಕ ಕೌಂಟರ್ ಬಂದ್. ಊಟದ ಹೊತ್ತಿಗೆ ಫೋನ್ ಮಾಡಿದ ಅಕ್ಕ ವಿಷಯ ಕೇಳಿ, ಊರ ಉಸಾಬರಿ ನಿನಗ್ಯಾಕೆ, ಒತ್ತಿ ಸುಮ್ಮನಿರಬಾರದಿತ್ತೇ ಎಂದು ಬೈದಳು. ಅಕ್ಕನ ರಿಪೋರ್ಟೂ ಅದರಲ್ಲೇ ಇತ್ತು!

ಸಂಜೆ ಕೈಗೆ ಮೆಮೊ ಬಂತು, ಕೆಲಸ ನಿಲ್ಲಿಸಿದ ತಪ್ಪಿಗೆ. ಸಹಿ ಮ್ಯಾನೇಜರನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಮರುದಿನ ಬೆಳಿಗ್ಗೆ ಅವನೇ ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ. ಹೋದ ತಿಂಗಳು ಅವನೂ ಇಲ್ಲೇ ಪರೀಕ್ಷೆಗೆ ರಕ್ತ ಕೊಟ್ಟಿದ್ದನಂತೆ.

“ನನ್ನ ರಿಪೋರ್ಟು... ನೀವು ನೋಡಿಲ್ಲ ತಾನೆ?”

ಬೀಗದಮ್ಮ ಕುರ್ಚಿಯಿಂದ ಏಳಲಿಲ್ಲ.

“ನಿನ್ನೆ ನಿಮ್ಮ ಮೆಸೇಜ್ ಬಂದಾಗ ನೋಡಬಹುದಿತ್ತು ಸರ್. ನೋಡೋಕೆ ಆಗಲೇಬಾರದು ಅಂತಾನೇ ಕೀಲಿ ಬದಲಾಯಿಸಿದ್ದು. ಅದಕ್ಕೇ ನೀವು ನಂಗೆ ಮೆಮೊ ಕೊಟ್ಟಿರೋದು.”

ಅವನು ನಿರಾಳವಾಗಿ ಉಸಿರುಬಿಟ್ಟ. ಮೆಮೊ ಆಗಲೇ ಮೇಲಿನವರಿಗೆ ಹೋಗಿಬಿಟ್ಟಿದೆ, ಈಗೇನೂ ಮಾಡಲಾಗದು ಎಂದು ಹೇಳಿ ಹೊರಟುಹೋದ.